ಕರಡಿ ಬಂಡೆಯ ಪಕ್ಕದ ಕಾಲುದಾರಿ

ಗೋವರ್ಧನ ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ನಲವತ್ತರ ಹೊಸ್ತಿಲಿಗೆ ಬಂದಿದ್ದರೂ ಹೊಟ್ಟೆ ಬಂದಿರಲಿಲ್ಲ ಅನ್ನುವುದು ಅವನಿಗೊಂದು ಹೆಮ್ಮೆ. ಭಾನುವಾರ ನಸುಕಿನಲ್ಲೇ ಸೈಕಲ್ ಹತ್ತಿ ಬಿ.ಜಿ. ಕೆರೆಯವರೆಗೆ ತುಳಿದು, ಅಲ್ಲಿ ಇಡ್ಲಿ ತಿಂದು, ಬಿಸಿಲೇರುವಷ್ಟರಲ್ಲಿ ಮನೆ ಸೇರುತ್ತಿದ್ದ. ಶಾಲೆಯಲ್ಲಿ ಯಾರಾದರೂ ಹೈಜಂಪಿನ ಕೋಲಿನ ಮುಂದೆ ಹಿಂಜರಿದು ನಿಂತರೆ, “ಹೆದರಿಕೆ ಕಾಲಲ್ಲಿಲ್ಲ ಕಣೋ, ತಲೇಲೈತೆ. ತಲೆ ತೆಗೆದು ಪಕ್ಕಕ್ಕಿಟ್ಟು ಹಾರು,” ಎಂದು ಗದರುತ್ತಿದ್ದ.

ಹೆಂಡತಿ ಕಾಂಚನಾ ಮೊಳಕಾಲ್ಮುರಿನವಳು. ತವರಿನಲ್ಲಿ ರೇಷ್ಮೆ ಸೀರೆಯ ಮಗ್ಗ. ಚಳ್ಳಕೆರೆಯಲ್ಲಿ ಅವಳದೇ ಒಂದು ಹೊಲಿಗೆ ಅಂಗಡಿ. ಅವಳ ತಮ್ಮ ಹೇಮಂತ್ ಮಗ್ಗಕ್ಕೆ ಕೂರಲಿಲ್ಲ. ಊರಾಚೆಯ ಗುಡ್ಡದಲ್ಲಿ ಜಂಬುಲಿಂಗಪ್ಪ ಎಂಬುವರು ಹೊಸದಾಗಿ ಸೈಕಲ್ ಪಾರ್ಕ್ ತೆರೆದಿದ್ದರು. ಅಲ್ಲಿ ಬಂದವರಿಗೆ ಕಲಿಸುವುದು, ಜೊತೆಗೆ ಇಳಿಯುವುದು ಅವನ ಕೆಲಸವಾಗಿತ್ತು. ಜೀಪಿನಲ್ಲಿ ಸೈಕಲ್ ಸಮೇತ ಗುಡ್ಡದ ನೆತ್ತಿಗೆ ಹೋಗುವುದು, ಬಂಡೆಗಳ ನಡುವೆ ಕೊರೆದ ಕಿರುದಾರಿಯಲ್ಲಿ ಬುಡಕ್ಕೆ ಇಳಿಯುವುದು, ಇದೇ ಆಟ. ಹೊಸಬರಿಗೆ ಹಸಿರು ಬಣ್ಣದ ಕಲ್ಲು ನೆಟ್ಟ ದಾರಿ, ಪಳಗಿದವರಿಗೆ ನೀಲಿ, ಎದೆಗಾರರಿಗೆ ಕಪ್ಪು. ಕಪ್ಪು ದಾರಿಯ ಮಧ್ಯೆ ಕರಡಿ ಬಂಡೆ ಎಂಬ ಒಂದು ನುಣುಪು ಬಂಡೆ. ಅದರ ತುದಿಯಿಂದ ಸೈಕಲ್ ಸಮೇತ ಆಳೆತ್ತರ ಕೆಳಕ್ಕೆ ಹಾರಬೇಕು.

ದಸರಾ ರಜೆಗೆ ಅತ್ತೆಮನೆಗೆ ಹೋದ ಗೋವರ್ಧನ ಊಟಕ್ಕೆ ಕುಂತಲ್ಲೇ ಆ ಮಾತು ತೆಗೆದ. “ನಾಳೆ ನಿಮ್ಮ ಕಪ್ಪು ದಾರಿ ಇಳಿದೇ ಬಿಡ್ತೀನಿ.”

“ಬಾವ, ಅದು ರೋಡಲ್ಲಿ ತುಳಿದಂಗಲ್ಲ,” ಅಂದ ಹೇಮಂತ್.

“ನಾನು ಪಿ.ಟಿ. ಮೇಷ್ಟ್ರು ಕಣೋ! ನಿನ್ನಂಥ ನೂರು ಹುಡುಗರಿಗೆ ಹಾರೋದು ಕಲಿಸಿದೀನಿ.”

ಮಾವ ಗುರುಸ್ವಾಮಿ ನಕ್ಕರು. ಅತ್ತೆ ಪುಷ್ಪಾ ಅಳಿಯನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು.

ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ಮೊಣಕಾಲಿಗೆ, ಮೊಣಕೈಗೆ ಕವಚ ಕಟ್ಟಿ, ಗಲ್ಲ ಮುಚ್ಚುವ ಹೆಲ್ಮೆಟ್ ಹಾಕಿ ನಿಂತರು. ಹೇಮಂತನ ಹಿಂದೆ ಹಸಿರು ದಾರಿ ಇಳಿದರು, ಆಮೇಲೆ ನೀಲಿ. ಕಾಂಚನಾ ಮೊದಲ ತಿರುವಿನಲ್ಲಿ ಕಿರುಚಿದಳು, ಎರಡನೆಯದರಲ್ಲಿ ನಕ್ಕಳು, ಆಮೇಲೆ ಮೈಯನ್ನು ಸೈಕಲ್ಲಿಗೆ ಒಪ್ಪಿಸಿಬಿಟ್ಟಳು. ಗೋವರ್ಧನನಿಗೆ ಹಾಗಾಗಲಿಲ್ಲ. ಪ್ರತಿ ತಿರುವಿನಲ್ಲೂ ಅವನ ಬೆರಳು ಬ್ರೇಕಿಗೇ ಹೋಗುತ್ತಿತ್ತು. ಇಳಿದಾಗ ಅಂಗೈ ಬೆವೆತು ಹೋಗಿತ್ತು. ಆದರೂ, “ಇಷ್ಟೇನಾ?” ಅಂದ.

ಮತ್ತೆ ನೆತ್ತಿಗೆ ಹೋದವರು ಬಾವ ಮತ್ತು ಬಾಮೈದ ಇಬ್ಬರೇ. ಕಾಂಚನಾ ಬುಡದಲ್ಲಿ ಮೊಬೈಲ್ ಹಿಡಿದು ಕಾದಳು. ಕಪ್ಪು ದಾರಿಯ ಬಾಯಲ್ಲಿ ಹೇಮಂತ್ ಬಿಡಿಸಿ ಹೇಳಿದ, “ಬಂಡೆ ತುದೀಲಿ ಬ್ರೇಕ್ ಮುಟ್ಟಬೇಡಿ, ಮೈ ಹಿಂದಕ್ಕಿರಲಿ. ಆಗಲ್ಲ ಅನ್ನಿಸಿದ್ರೆ ಎಡಕ್ಕೆ ಕಾಲುದಾರಿ ಐತೆ. ಇಳ್ಕೊಂಡು ನಡೀರಿ, ಸುಮಾರು ಜನ ನಡೀತಾರೆ.” ಬೇರೆಯವರನ್ನು ನೋಡಿಕೊಳ್ಳಬೇಕಾಗಿದ್ದರಿಂದ ಅವನು ಅಲ್ಲೇ ಉಳಿದ.

ಗೋವರ್ಧನ ಒಬ್ಬನೇ ಇಳಿದ. ಸೀತಾಫಲದ ಪೊದೆಗಳು ಎರಡೂ ಬದಿಗೆ ಸರಿದವು, ಹರಳುಗಲ್ಲುಗಳು ಚಕ್ರದಡಿ ಸಿಡಿದವು. ಒಂದು ತಿರುವು ದಾಟಿದ್ದೇ ತಡ, ಮುಂದೆ ದಾರಿಯೇ ಇಲ್ಲ. ಬೂದು ಬಂಡೆ, ಅದರ ತುದಿ, ತುದಿಯ ಆಚೆ ಕೊಂಡ್ಲಹಳ್ಳಿಯ ಕಡೆಯ ಶೇಂಗಾ ಹೊಲಗಳು ಚಾಪೆಯಷ್ಟು ಚಿಕ್ಕದಾಗಿ ಕಾಣುತ್ತಿದ್ದವು. ಅವನ ಎರಡೂ ಕೈ ತಾವಾಗಿಯೇ ಬ್ರೇಕನ್ನು ಹಿಂಡಿದವು. ಸೈಕಲ್ ಜಾರಿ ಅಡ್ಡಡ್ಡ ನಿಂತಿತು.

ಅವನು ಇಳಿದು ತುದಿಗೆ ಹೋಗಿ ಇಣುಕಿದ. ಸೈಕಲ್ಲನ್ನು ಹಿಂದಕ್ಕೆ ತಳ್ಳಿ, ಇನ್ನೊಮ್ಮೆ ಹತ್ತಿ ಬಂದ. ಮತ್ತೆ ಅದೇ ಜಾಗದಲ್ಲಿ ಕೈ ಬ್ರೇಕ್ ಹಿಡಿಯಿತು. ಅಷ್ಟರಲ್ಲಿ ಹಿಂದಿನಿಂದ “ಸೈಡ್, ಸೈಡ್!” ಎಂದು ಹೆಣ್ಣುದನಿ. ಅವನು ಪೊದೆಗೆ ಒತ್ತಿಕೊಂಡ. ಹೆಲ್ಮೆಟ್ಟಿನೊಳಗೆ ಮುಖ ಕಾಣದ ಹುಡುಗಿಯೊಬ್ಬಳು ಬಂಡೆಯ ಮೇಲೆ ಸರಕ್ಕನೆ ಹಾದು, ತುದಿಯಿಂದ ಹಾರಿ ಮಾಯವಾದಳು. ಕೆಳಗೆ ಚಕ್ರ ನೆಲಕ್ಕೆ ತಾಗಿದ ಸದ್ದು, ಒಂದು ಕೇಕೆ. ಗೋವರ್ಧನನ ಕಿವಿ ಬಿಸಿಯಾಯಿತು. ತನ್ನ ಶಾಲೆಯ ಹುಡುಗಿಯೇ ಇರಬಹುದೇ ಎಂದು ಯೋಚಿಸಿ ಇನ್ನಷ್ಟು ಕುಗ್ಗಿದ.

ಅವನು ಎಡಗಡೆಯ ಕಾಲುದಾರಿ ಹಿಡಿದ. ಕುರಿಯವರು ಓಡಾಡಿ ಮೂಡಿದ್ದ ಅದು ಮುಳ್ಳುಕಂಟಿಯ ಸಂದಿ. ಸೈಕಲ್ ಹೊತ್ತು, ಕೂತು, ಜಾರಿ ಇಳಿಯುವಾಗ ಕಾರೆಮುಳ್ಳು ಮುಂಗೈಯನ್ನೆಲ್ಲ ಗೀರಿತು. ಬಂಡೆಯ ಬುಡದಲ್ಲಿ ಮತ್ತೆ ಸೈಕಲ್ ಏರಿ ಉಳಿದ ದಾರಿ ಇಳಿದ. ಕೊನೆಯ ತಿರುವಿನಿಂದ ಬಯಲಿಗೆ ಬಂದಾಗ ಕಾಂಚನಾ ಚಪ್ಪಾಳೆ ಹೊಡೆಯುತ್ತಿದ್ದಳು. ಅವಳ ಜೊತೆ ಇನ್ನೂ ನಾಲ್ಕಾರು ಜನ.

“ಅಯ್ಯೋ, ಕೈಯೆಲ್ಲ ರಕ್ತ! ಕರಡಿ ಬಂಡೆ ಹಾರಿದ್ರಾ?”

ಇಲ್ಲ ಅನ್ನಲು ಅವನಿಗೆ ಸಮಯವಿತ್ತು. ಅವಳು ಸೆರಗಿಲ್ಲದ ಉಡುಪಿನಲ್ಲಿ ಏನೂ ಸಿಗದೆ ಚೀಲದಲ್ಲಿದ್ದ ತನ್ನ ದುಪಟ್ಟಾ ತಂದು ಅವನ ಮುಂಗೈ ಒರೆಸುತ್ತಿದ್ದಾಗಲೂ ಸಮಯವಿತ್ತು. ಅವನು, “ಅದೇನ್ ಬಿಡು,” ಅಂದ. ಸುಳ್ಳಲ್ಲ, ನಿಜವೂ ಅಲ್ಲ. ಪಕ್ಕದಲ್ಲಿದ್ದವರು ಕೈ ಕುಲುಕಿದರು. ಕಾಂಚನಾ ಅವನ ವಿಡಿಯೋವನ್ನು ತಮ್ಮನಿಗೆ ಕಳಿಸಿದಳು. ಗೀರುಗಳು ಉರಿಯುತ್ತಿದ್ದವು, ಅವನು ಅವನ್ನು ಮುಚ್ಚಿಕೊಳ್ಳಲೂ ಇಲ್ಲ.

“ನಂಗೆ ಆಗ್ತೈತಾ?” ಕಾಂಚನಾ ಕೇಳಿದಳು. “ನೀಲಿ ದಾರಿನೇ ಸಾಕು ಅನ್ಸುತ್ತೆ. ಆದ್ರೂ...”

ಅವಳ ಕಣ್ಣು ಅವನ ಮುಖವನ್ನು ಹುಡುಕುತ್ತಿತ್ತು. ಈಗ ‘ಬೇಡ’ ಅಂದರೆ ‘ಯಾಕೆ’ ಅನ್ನುತ್ತಾಳೆ. ಅವನು ಜೋರಾಗಿ ನಕ್ಕ. “ನೀನು ನನಗಿಂತ ಚೆನ್ನಾಗಿ ಇಳೀತೀಯ. ಏನಿಲ್ಲ ಕಣೆ, ಒಂದು ಮೆಟ್ಟಿಲು ಇಳಿದಂಗೆ ಅಷ್ಟೆ. ಬ್ರೇಕ್ ಮಾತ್ರ ಹಿಡೀಬೇಡ.”

ಜೀಪು ಹೊರಟಿತು. ಅವಳು ಹಿಂದಿನ ಸೀಟಿನಿಂದ ಕೈ ಬೀಸಿದಳು. ಗೋವರ್ಧನನೂ ಬೀಸಿದ. ಜೀಪು ಮೊದಲ ತಿರುವು ಹತ್ತಿದಾಗ ಅವನಿಗೆ ಕೂಗಬೇಕೆನ್ನಿಸಿತು, ಆದರೆ ಸುತ್ತ ಜನರಿದ್ದರು. ಮೇಲಿನಿಂದ ಹೇಮಂತನ ಫೋನ್ ಬಂತು. “ಬಾವ, ಮೊದಲನೇ ದಿನಾನೇ ಕಪ್ಪು ದಾರಿಗೆ ಯಾರನ್ನೂ ಬಿಡಂಗಿಲ್ಲ. ನಿಮ್ಮನ್ನ ಬಿಟ್ಟಿದ್ದೇ ತಪ್ಪು. ನೀವು ಹಾರಿದೀರಲ್ಲ, ಹೇಳಿ, ಅಕ್ಕನ್ನ ಬಿಡಬಹುದಾ?”

“ಬಿಡು, ಬಿಡು. ಇಳೀತಾಳೆ,” ಅಂದ ಗೋವರ್ಧನ.

ಫೋನ್ ಜೇಬಿಗೆ ಹಾಕಿಕೊಂಡು ಮೇಲೆ ನೋಡಿದ. ಎದುರಿನ ಗುಡ್ಡದಲ್ಲಿ ಏನೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಂಡೆಯ ಕಡೆಯಿಂದ ಅಪಾಯದ ಸೀಟಿ ಕೇಳಿಸಿತು, ಮತ್ತೆ ಮತ್ತೆ. ಪಾರ್ಕಿನ ಹುಡುಗರು ಸ್ಟ್ರೆಚರ್ ಹಿಡಿದು ಓಡಿದರು. ಅವರಿಗಿಂತ ಮುಂದೆ ಗೋವರ್ಧನ ಓಡಿದ.

ಕಾಂಚನಾ ಬಂಡೆಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಪ್ರಜ್ಞೆ ಇತ್ತು. ತುದಿಯಲ್ಲಿ ಅವಳೂ ಬ್ರೇಕ್ ಹಿಡಿದಿದ್ದಳು; ಸೈಕಲ್ ಮುಂದಕ್ಕೆ ಮಗುಚಿ ಉರುಳಿತ್ತು.

ಆಸ್ಪತ್ರೆಯಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಬಲ ಹೆಗಲಿನ ಎಲುಬು ಮುರಿದದ್ದು ಕಂಡಿತು. ಆಪರೇಷನ್ ಬೇಡ, ಕೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡಿದ್ದರೆ ಕೂಡಿಕೊಳ್ಳುತ್ತದೆ ಎಂದರು ಡಾಕ್ಟರು. ಪುಷ್ಪಾ ಮನೆಮಾತಾದ ತೆಲುಗಿನಲ್ಲಿ “ನಾ ತಲ್ಲೀ, ನನ್ನವ್ವಾ” ಎಂದು ಮಗಳ ಹಣೆ ಸವರುತ್ತಲೇ ಇದ್ದರು. ಗುರುಸ್ವಾಮಿಯವರ ಸಿಟ್ಟೆಲ್ಲ ಮಗನ ಮೇಲೆ ತಿರುಗಿತು.

“ಬುದ್ಧಿ ಉಂದಾ ನೀಕು? ಮೊದಲನೇ ದಿನಾನೇ ಅಲ್ಲಿಗೆ ಬಿಡ್ತಾರೇನೋ? ಅಕ್ಕನ್ನ ಸಾಯಿಸ್ಬೇಕು ಅಂತಿದ್ಯಾ?”

ಹೇಮಂತ್ ತಲೆ ತಗ್ಗಿಸಿ ನಿಂತ. ಜಂಬುಲಿಂಗಪ್ಪನವರು ಅವನಿಗೆ ನಾಳೆಯಿಂದ ಬರಬೇಡವೆಂದು ಆಗಲೇ ಹೇಳಿದ್ದರು. ಅವನು ಬಾವನ ಹೆಸರೆತ್ತಲಿಲ್ಲ. ಒಮ್ಮೆ ಮಾತ್ರ ಬಾವನ ಕಡೆ ನೋಡಿದ, ದೂರಿನ ನೋಟವಲ್ಲ, ಬೆಂಬಲಕ್ಕೆ ಒಂದು ಮಾತು ಬರಬಹುದೆಂಬ ನೋಟ. ಗೋವರ್ಧನ ಗೋಡೆಯ ಮೇಲಿದ್ದ ಲಸಿಕೆಯ ಚಿತ್ರಪಟ ನೋಡುತ್ತ ನಿಂತ. ಮಾವ ಬೈದು ಮುಗಿಸುವವರೆಗೂ ನಿಂತ. ಬಂಡೆಯ ಮೇಲೆ ಹೆದರಿದ್ದು ಯಾವ ದೊಡ್ಡ ವಿಷಯ ಎಂದು ಅವನಿಗೆ ಆಗ ಅನ್ನಿಸಿತು. ಅಲ್ಲಿ ಕೈ ಹೆದರಿತ್ತು, ಇಲ್ಲಿ ತಾನೇ ನಿಂತು, ಕಣ್ಣು ಬಿಟ್ಟುಕೊಂಡು, ಇನ್ನೊಬ್ಬನಿಗೆ ಪೆಟ್ಟು ಬೀಳಲು ಬಿಟ್ಟಿದ್ದ.

ಹೇಮಂತ್ ಔಷಧಿ ತರಲು ಚೀಟಿ ತೆಗೆದುಕೊಂಡು ಹೊರಟಾಗ ಗೋವರ್ಧನ ಬಾಗಿಲಿಗೆ ಅಡ್ಡ ಬಂದ.

“ಇರು ಹೇಮಂತ. ಮಾವ, ಅವನದು ತಪ್ಪಿಲ್ಲ. ನಾನು ಆ ಬಂಡೆ ಹಾರಲೇ ಇಲ್ಲ.”

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ.

“ಹೆದರಿದೆ. ಸೈಕಲ್ ಹೊತ್ಕೊಂಡು ಕಾಲುದಾರೀಲಿ ಇಳಿದೆ. ಈ ಗೀರು ಮುಳ್ಳಿಂದು. ಹಾರಿದೀನಿ ಅಂತ ಇವಳನ್ನೂ ನಂಬಿಸಿದೆ, ಇವನನ್ನೂ ನಂಬಿಸಿದೆ. ಇವನು ಫೋನ್ ಮಾಡಿ ಕೇಳಿದ, ನಾನೇ ಬಿಡು ಅಂದೆ.”

ಗುರುಸ್ವಾಮಿ ಬೈಯಲಿಲ್ಲ. ಅಳಿಯನನ್ನು ಒಂದು ಸಲ ನೋಡಿ, ಮುಖ ತಿರುಗಿಸಿ, ಹೆಗಲ ಟವೆಲ್ ಕೊಡವಿ ಹೊರಗೆ ಹೋದರು. ಬೈದಿದ್ದರೆ ಗೋವರ್ಧನನಿಗೆ ಹಗುರಾಗುತ್ತಿತ್ತು. ಪುಷ್ಪಾ ಅವನಿಗೆಂದು ತಂದಿದ್ದ ಕಾಫಿ ಲೋಟ ಕಿಟಕಿಯ ಮೇಲೆ ಆರುತ್ತಿತ್ತು. ಅವನು ಅದನ್ನು ಮುಟ್ಟಲಿಲ್ಲ, ಅವರೂ ಕುಡಿಯಿರಿ ಅನ್ನಲಿಲ್ಲ.

ಕಾಂಚನಾ ಕಣ್ಣು ಮುಚ್ಚಿಯೇ ಮಾತಾಡಿದಳು. “ತುದೀಲಿ ನಂಗೂ ಹೆದರಿಕೆ ಆಯ್ತು ರೀ. ಇಳ್ದುಬಿಡೋಣ ಅಂತಲೇ ಬ್ರೇಕ್ ಹಿಡ್ದೆ. ನೀವು ಹಾರಿದೀರಿ, ನಾನು ನಡ್ಕೊಂಡು ಬಂದ್ರೆ ನಗ್ತಾರೆ ಅಂತ ಮತ್ತೆ ಬಿಟ್ಟೆ. ಅರ್ಧ ಹಿಡ್ದು ಅರ್ಧ ಬಿಟ್ಟೆ.” ಕಣ್ಣು ತೆರೆದು ಅಂದಳು, “ಹೆದರ್ಕೊಂಡೆ ಅಂತ ಒಂದ್ ಮಾತು ಹೇಳಿದ್ರೆ ಇಬ್ರೂ ನಗ್ತಾ ಮನೆಗೆ ಹೋಗ್ತಿದ್ವಿ.”



ಮಾರನೆಯ ದಿನ ಅವನು ಪಾರ್ಕಿಗೆ ಹೋಗಿ ಜಂಬುಲಿಂಗಪ್ಪನವರ ಮುಂದೆ ನಿಂತ. ಅಲ್ಲಿದ್ದ ಹುಡುಗರೆಲ್ಲ ಕೇಳುವಂತೆಯೇ ಹೇಳಬೇಕಾಯಿತು, ಯಾಕೆಂದರೆ ಅವರು ಕುರ್ಚಿಯಿಂದ ಏಳಲಿಲ್ಲ, ಒಳಗೆ ಬನ್ನಿ ಅಂತಲೂ ಅನ್ನಲಿಲ್ಲ.

“ಹೇಮಂತ ನಿಯಮ ಮುರಿದಿದ್ದು ಮುರಿದಿದ್ದೇ,” ಅಂದರು ಜಂಬುಲಿಂಗಪ್ಪ. “ಒಂದು ತಿಂಗಳು ಸೈಕಲ್ ಹತ್ತೋದು ಬೇಡ, ಗರಾಜಿನಲ್ಲಿ ರಿಪೇರಿ ಮಾಡ್ಕೊಂಡಿರ್ಲಿ. ಆಮೇಲೆ ನೋಡಾಣ. ಮೇಷ್ಟ್ರೇ, ನಡ್ಕೊಂಡು ಇಳಿಯೋರಿಗಂತಲೇ ಆ ಕಾಲುದಾರಿ ಬಿಟ್ಟಿರೋದು. ನಾನೇ ಅಲ್ಲಿ ದಿನಾ ನಡೀತೀನಿ.”

ಒಬ್ಬ ಹುಡುಗ ಕಿಸಕ್ಕೆಂದ. ಗೋವರ್ಧನ ಅದನ್ನೂ ಕೇಳಿಸಿಕೊಂಡು ಊರಿನ ಕಡೆ ನಡೆದ.

ರಜೆ ಮುಗಿದು ಚಳ್ಳಕೆರೆಗೆ ಬಂದ ಮೇಲೆ ಅವರಿಬ್ಬರ ನಡುವೆ ಬೇಕಾದಷ್ಟೇ ಮಾತು. ಹೊಲಿಗೆ ಅಂಗಡಿಯ ಬಾಗಿಲು ಹಾಕಿತ್ತು. ಬಲಗೈ ಎತ್ತಲಾಗದ ಕಾಂಚನಾಗೆ ಅನ್ನ ಕಲೆಸಿ ಕೊಡುವುದು, ಗುಂಡಿ ಹಾಕುವುದು, ಎಲ್ಲ ಅವನೇ ಮಾಡುತ್ತಿದ್ದ. ಅವಳು ಬೇಡ ಅನ್ನಲೂ ಇಲ್ಲ, ಮೆಚ್ಚಲೂ ಇಲ್ಲ.

ಒಂದು ಬೆಳಿಗ್ಗೆ ಜಗಲಿಯ ಮೇಲೆ ಅವಳನ್ನು ಕೂರಿಸಿ ಜಡೆ ಹೆಣೆಯುತ್ತಿದ್ದ. ಮೂರು ಎಳೆಯಲ್ಲಿ ಯಾವುದು ಯಾವುದರ ಮೇಲೆ ಎಂದು ಪ್ರತಿ ಸಲ ತಪ್ಪುತ್ತಿತ್ತು. ಹಾಲು ತರಲು ಹೊರಟಿದ್ದ ಪಕ್ಕದ ಮನೆಯ ತಿಪ್ಪಕ್ಕ ನಿಂತು ನೋಡಿದಳು.

“ಯವ್ವಾ, ಕೈಗೇನಾತೇ? ಎಲ್ ಬಿದ್ದೆ?”

ಕಾಂಚನಾ ಕತ್ತು ತುಸು ಹೊರಳಿಸಿ, ಗಂಡ ಏನು ಹೇಳುತ್ತಾನೋ ಎಂದು ಕಾದಳು. ಎದುರಿನ ಬೀದಿಯಲ್ಲಿ ಅವನ ಶಾಲೆಯ ಹುಡುಗರಿಬ್ಬರು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವರಿಗೂ ಕೇಳಿಸುತ್ತಿತ್ತು.

“ಅವಳ ಕತೆ ಆಮೇಲೆ, ತಿಪ್ಪಕ್ಕ,” ಅಂದ ಗೋವರ್ಧನ. ಮುಖ ಕಾದ ಹೆಂಚಿನಂತಾಗಿತ್ತು, ಬಾಚಣಿಗೆ ಹಿಡಿದ ಕೈ ಬೆವೆತಿತ್ತು. “ಮೊದಲು ನಾನು ಹೆದರಿ ಸೈಕಲ್ಲಿಂದ ಇಳಿದಿದ್ದು ಕೇಳು.”

ತಿಪ್ಪಕ್ಕ ಹಾಲಿನ ತಂಬಿಗೆ ಕೆಳಗಿಟ್ಟು ಕಟ್ಟೆಯ ಮೇಲೆ ಕೂತಳು. ಅವನು ಶುರುಮಾಡಿದ.