ಮಾರಕ್ಕನ ಎಡಗಡೆ

ಯಶವಂತಪುರದ ಒಂದು ರೇಡಿಯೋ ಕಾರ್ಖಾನೆಯಲ್ಲಿ ರೆಹಾನಾ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಬೆಸುಗೆ ಹಾಕಲು ಕಲಿಸಿದವಳು ಧಾರವಾಡ ಕಡೆಯ ರತ್ನಕ್ಕ. ಶಟಲ್ ಆಡಲು ಮಗಳನ್ನು ಕಳಿಸಿ ಎಂದು ಆರ್.ಟಿ. ನಗರದ ಮನೆಗೇ ಬಂದು ಅಪ್ಪ ಹಬೀಬುಲ್ಲಾರನ್ನು ಒಪ್ಪಿಸಿದವಳೂ ಅವಳೇ. ಹಾಗಾಗಿ ಅಂಗಳದಲ್ಲಿ ರತ್ನಕ್ಕ ಹೇಳಿದ್ದೇ ಆಟ.

ಎಂಬತ್ತೊಂದನೇ ಇಸವಿಯ ವಾರ್ಷಿಕ ಕ್ರೀಡೆ, ಹೆಂಗಸರ ಡಬಲ್ಸ್ ಫೈನಲ್. ರತ್ನಕ್ಕ, ರೆಹಾನಾ ಜೋಡಿಗೆ ಎದುರಾಗಿ ಪ್ಯಾಕಿಂಗ್ ವಿಭಾಗದ ನೀಲಕ್ಕ, ಮಾರಕ್ಕ.

"ಸರ್ವಿಸ್ ಬಂದ ಕೂಡಲೇ ನಡುವ ಹೊಡಿ. ನೀ ತಗೊ, ನಾ ತಗೊ ಅಂತ ಇಬ್ಬರೂ ನಿಂತಬಿಡ್ತಾರ," ಎಂದಿದ್ದಳು ರತ್ನಕ್ಕ.

ಅವರು ನಿಲ್ಲಲಿಲ್ಲ. ಪ್ರತಿ ಸಲವೂ ಮಾರಕ್ಕ "ನಂದು!" ಎಂದು ಕೂಗಿ ನಡುವಿಗೆ ನುಗ್ಗಿ ಬಾರಿಸುತ್ತಿದ್ದಳು. ಅವಳ ಎಡಗಡೆ ಗೆರೆಯವರೆಗೂ ಬಟಾಬಯಲು. ಅದು ರೆಹಾನಾಳಿಗೆ ಮೊದಲ ಗೇಮಿನಲ್ಲೇ ಕಂಡಿತ್ತು.

"ಅಕ್ಕಾ, ಮಾರಕ್ಕನ ಎಡಗಡೆ ಖಾಲಿ ಇದೆ. ಅಲ್ಲಿಗೆ ಹಾಕ್ಲಾ?"

"ಗೆರಿ ಹೊರಗ ಹೋದ್ರ? ನಡುವ ಹೊಡಿ."

ಎರಡನೇ ಸಲ ಕೇಳಿದಾಗಲೂ ಅದೇ ಉತ್ತರ. ಮೂರನೇ ಸಲ ರತ್ನಕ್ಕ ನಡುವಿನ ಕಡೆಗೆ ಕೈಸನ್ನೆ ಮಾಡಿದಳು. ರೆಹಾನಾ ಹಲ್ಲು ಕಚ್ಚಿಕೊಂಡು ಆಡಿದಳು.

ಕೊನೆಯ ಗೇಮ್. ಅವರದು ಹದಿನಾಲ್ಕು, ಇವರದು ಹನ್ನೊಂದು; ಇನ್ನೊಂದು ಪಾಯಿಂಟ್ ಬಂದರೆ ಪಂದ್ಯ ಅವರದೇ. ನೀಲಕ್ಕ ಎತ್ತರಕ್ಕೆ ಸರ್ವ್ ಮಾಡಿದಳು. ಶಟಲ್ ಇಳಿದು ಬರಲು ಬೇಕಾದಷ್ಟು ಹೊತ್ತು ಹಿಡಿಯಿತು. ಮಾರಕ್ಕ ಆಗಲೇ ನಡುವಿಗೆ ಸರಿದಿದ್ದಳು. ಈಗ ಹಾಕಿಬಿಡೋಣ ಎಂದು ರೆಹಾನಾ ಭುಜ ತಿರುಗಿಸಿದಳು. ಹಿಂದಿನಿಂದ "ನಡುವ!" ಎಂಬ ಕೂಗು. ಮಣಿಕಟ್ಟು ತಾನಾಗಿ ಹೊರಳಿತು. ಶಟಲ್ ನೇರ ಮಾರಕ್ಕನ ಬ್ಯಾಟಿಗೇ ಹೋಯಿತು. ಮರುಕ್ಷಣ ಅದು ರೆಹಾನಾಳ ಕಾಲ ಬಳಿ ಬಿದ್ದಿತ್ತು.

ಚಪ್ಪಾಳೆ ಅಡಗುವ ಮೊದಲೇ ರತ್ನಕ್ಕ ಬಂದಳು. "ಕಡೀ ಸಲ ಆದ್ರೂ ಆ ಎಡಗಡಿ ಹೊಡೀಬೇಕಿತ್ತವಾ."

ರೆಹಾನಾಳ ಕಿವಿ ಬಿಸಿಯಾಯಿತು. "ಮೂರು ಸಲ ಹೇಳ್ದೆ ಅಕ್ಕಾ. ನಿಮ್ಗೆ ಕೇಳಿಸ್ಲಿಲ್ವಾ?"

ರತ್ನಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಕೇಳಿತ್ತು. ಮೊನ್ನೆ ಬಂದ ಹುಡುಗಿ ಮಾತು ಹೆಂಗ ಕೇಳೋದು ಅಂತ ಸುಮ್ನಾದೆ."

ಅವಳು ಒಪ್ಪಿಕೊಂಡದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ರೆಹಾನಾ ಬಹುಮಾನ ವಿತರಣೆಗೆ ನಿಲ್ಲದೆ ಬಸ್ ಸ್ಟಾಪಿಗೆ ನಡೆದಳು. ರತ್ನಕ್ಕನನ್ನು ದಾರಿಯುದ್ದಕ್ಕೂ ಬೈದುಕೊಳ್ಳಬೇಕೆಂದಿದ್ದಳು. ಆದರೆ ಹೇಳಿದ ಮಾತಿಗೆ ಹೊರಳಿಕೊಂಡ ತನ್ನ ಕೈಯ ಮೇಲಿನ ಸಿಟ್ಟೇ ಬಸ್ಸು ಬರುವವರೆಗೂ ಇಳಿಯಲಿಲ್ಲ.