ಮೂಲ ಖಚಿತವಿಲ್ಲ

ನಾಲ್ಕನೆಯ ಅರ್ಥಕ್ಕೆ ಬರುವ ಹೊತ್ತಿಗೆ ಹನುಮಂತರಾಯನ ಬೈಕು ದೊಡ್ಡಉಳ್ಳಾರ್ತಿಯ ತಿರುವು ದಾಟಿತ್ತು. ಅವನು ಭಾಷಣವನ್ನು ಹೆಲ್ಮೆಟ್ಟಿನೊಳಗೇ ಒಪ್ಪಿಸುತ್ತಿದ್ದ. ಪೆನ್ ಎಂದರೆ ಬರೆಯುವ ಪೆನ್ನು, ಲ್ಯಾಟಿನ್ನಿನ ಹಕ್ಕಿಗರಿಯಿಂದ ಬಂದದ್ದು. ಪೆನ್ ಎಂದರೆ ಹೆಣ್ಣು ಹಂಸವೂ ಹೌದು. ಅಮೆರಿಕದವರ ಬಾಯಲ್ಲಿ ಪೆನ್ ಎಂದರೆ ಜೈಲು. ಕೊನೆಯದಾಗಿ, ಪೆನ್ ಎಂದರೆ ಕುರಿ ಕೂಡುವ ರೊಪ್ಪ. ಅದರ ಮುಂದೆ ನಿಘಂಟಿನವರು ‘ಮೂಲ ಖಚಿತವಿಲ್ಲ’ ಎಂದು ಬರೆದು ಕೈತೊಳೆದುಕೊಂಡಿದ್ದರು. ಆ ಸಾಲು ಅವನಿಗೆ ಬಹಳ ಹಿಡಿಸಿತ್ತು.

ಅವನು ಚಳ್ಳಕೆರೆಯ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಹನ್ನೊಂದು ಗಂಟೆಗೆ, ದನಕುರಿ ಮೇಯುತ್ತಿದ್ದ ಕಾವಲಿನಲ್ಲೆದ್ದ ಹೊಸ ಸಂಶೋಧನಾ ಕೇಂದ್ರದ ವಿಜ್ಞಾನಿಗಳೆದುರು ಈ ಒಂದು ಪದದ ಮೇಲೆ ಮುಕ್ಕಾಲು ಗಂಟೆ ಮಾತಾಡಬೇಕಿತ್ತು. ಮೆಚ್ಚಿಕೆಯಾದರೆ ವಾರಕ್ಕೊಮ್ಮೆ ಕರೆಯುವ ಮಾತೂ ಇತ್ತು. ಕೊನೆಯ ಸ್ಲೈಡಿಗೊಂದು ರೊಪ್ಪದ ಚಿತ್ರ ಬೇಕು. ಇಂಟರ್ನೆಟ್ಟಿನಲ್ಲಿ ಸಿಕ್ಕವೆಲ್ಲ ಹಸಿರು ಹುಲ್ಲು, ಬಣ್ಣ ಬಳಿದ ಹಲಗೆ. ಜಾಲಿ ಮುಳ್ಳಿನ ರೊಪ್ಪ ಅವನಿಗೆ ಗೊತ್ತಿದ್ದದ್ದು ಒಂದೇ, ಅಪ್ಪನದು. ಅಪ್ಪನದೆಂದು ಚಿತ್ರದ ಕೆಳಗೆ ಬರೆಯಬೇಕೆಂದೇನೂ ಇರಲಿಲ್ಲ.

ಮಂದೆ ಮೇಯಲು ಹೋಗಿತ್ತು. ರೊಪ್ಪದೊಳಗೆ ಆಗಷ್ಟೇ ಈದ ಒಂದು ಕುರಿ, ಮೈ ಆರದ ಮರಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಅಪ್ಪ ದೊಡ್ಡೀರಪ್ಪ.

“ಏನ್ಲಾ, ಇಷ್ಟೊತ್ತಿನಾಗೆ?”

“ಸುಮ್ನೆ ಬಂದೆ.”

“ಸುಮ್ನೆ ಬರೋನಲ್ಲ ನೀನು.”

“ಒಂದು ಫೋಟೋ ಬೇಕಿತ್ತು.”

ದೊಡ್ಡೀರಪ್ಪ ಎದ್ದು ತಲೆಯ ರುಮಾಲು ಸರಿಮಾಡಿಕೊಂಡ. “ನಂದಾ?”

“ರೊಪ್ಪದ್ದು.”

ರುಮಾಲಿನ ಮೇಲಿದ್ದ ಕೈ ಕೆಳಗಿಳಿಯಿತು. ದೊಡ್ಡೀರಪ್ಪ ಚಿತ್ರಕ್ಕೆ ಅಡ್ಡವಾಗದ ಹಾಗೆ ಪಕ್ಕಕ್ಕೆ ಸರಿದು ನಿಂತ.

ಮೊಬೈಲಿನಲ್ಲಿ ರೊಪ್ಪ ಬರಿದಾಗಿ ಕಂಡಿತು. ಮರಿಯೊಂದಿದ್ದರೆ ವಿಜ್ಞಾನಿಗಳಿಗೂ ಮುದ್ದು ಬರುತ್ತದೆ. ಇರಲಾರದೆ ಇರುವೆ ಬಿಟ್ಟುಕೊಂಡ ಎನ್ನುವುದು ಇಂಥವರಿಗೇ ಇರಬೇಕು; ಅಪ್ಪ ಬೇಡ ಅನ್ನುವಷ್ಟರಲ್ಲಿ ಅವನು ಮರಿಯನ್ನು ಎರಡೂ ಕೈಯಲ್ಲಿ ಎತ್ತಿ ಬಿಸಿಲಿಗಿಟ್ಟಾಗಿತ್ತು.

ಚಿತ್ರ ಚೆನ್ನಾಗಿಯೇ ಬಂತು. ಕುರಿ ಬಂದು ಮರಿಯನ್ನು ಮೂಸಿತು, ಸೀನಿತು, ಹಣೆಯಿಂದ ಗುದ್ದಿ ಕೆಡವಿತು.

“ಕೈಗೇನ್ ಬಳ್ಕಂಡಿದೀಯ?”

“ಸೆಂಟು.”

“ಹಸಿ ಮರಿ ಮುಟ್ಟೋಕೆ ಮುಂಚೆ ಏನ್ ಮಾಡ್ಬೇಕು?”

ಹನುಮಂತರಾಯ ತರಗತಿಯ ಕೊನೇ ಬೆಂಚಿನವನಂತೆ ನಿಂತ. ಉತ್ತರ ಅವನಿಗೆ ಐದನೇ ವಯಸ್ಸಿನಲ್ಲೇ ಗೊತ್ತಿತ್ತು. ಎರಡೂ ಕೈಗೆ ರೊಪ್ಪದ ಗೊಬ್ಬರ ಉಜ್ಜಿಕೊಳ್ಳಬೇಕು. ಮರಿಯ ಮೈಮೇಲೆ ಬೇರೆ ವಾಸನೆ ಕೂತರೆ ತಾಯಿ ಅದನ್ನು ತನ್ನದಲ್ಲ ಅನ್ನುತ್ತದೆ. ನಾಲ್ಕು ಅರ್ಥ ಬಾಯಿಪಾಠ ಮಾಡಿದ ತಲೆಯಿಂದ ಇದೊಂದು ಯಾವಾಗ ಜಾರಿಹೋಯಿತೋ.

“ಗಿಣ್ಣಾಲು ಕುಡೀದಿದ್ರೆ ಸಂಜೆಗಂಟ ಉಳಿಯಲ್ಲ ಇದು,” ಎಂದ ದೊಡ್ಡೀರಪ್ಪ, ತಾಯಿ ನೆಕ್ಕಲೆಂದು ಮರಿಯ ಬೆನ್ನಿಗೆ ಉಪ್ಪು ಸವರುತ್ತ.

ಹನುಮಂತರಾಯ ಇಸ್ತ್ರಿ ಷರ್ಟಿನ ತೋಳು ಮಡಚಿ ಗೊಬ್ಬರ ಉಜ್ಜಿಕೊಂಡ, ಬೂದಿ ಉಜ್ಜಿಕೊಂಡ, ಮೂಸಿ ನೋಡಿಕೊಂಡ. ಗೊಬ್ಬರದ ಕೆಳಗಿನಿಂದ ಮಲ್ಲಿಗೆ ಇಣುಕುತ್ತಲೇ ಇತ್ತು. ಫೋನು ಬಡಿದುಕೊಂಡಿತು. ಸಂಶೋಧನಾ ಕೇಂದ್ರದಲ್ಲಿ ಭಾಷಣದ ಏರ್ಪಾಡು ನೋಡಿಕೊಳ್ಳುತ್ತಿದ್ದ ಸ್ವಪ್ನ.

“ಸರ್, ಎಲ್ಲರೂ ಬಂದು ಕೂತಿದ್ದಾರೆ. ಎಲ್ಲಿದ್ದೀರಿ?”

“ದಾರಿಯಲ್ಲಿದ್ದೇನೆ.”

“ಅದೇನು ಸರ್ ಸದ್ದು?”

“ಕುರಿ ಅಡ್ಡ ಬಂದಿವೆ. ಯಾರದೋ.”

ಮರಿಯ ಬೆನ್ನ ಮೇಲೆ ದೊಡ್ಡೀರಪ್ಪನ ಕೈ ನಿಂತಿತು. ಆಮೇಲೆ ಮತ್ತೆ ಉಪ್ಪು ಸವರತೊಡಗಿತು.

“ಯಾರದೋ ಕುರೀಗೆ ನೀನ್ಯಾಕೆ ಹೊತ್ತು ಕಳೀತೀಯ. ಹೋಗಪ್ಪ.”

ಬೈದಿದ್ದರೆ ಚೆನ್ನಾಗಿತ್ತು. ಆ ‘ಅಪ್ಪ’ದಲ್ಲಿ ಸಿಟ್ಟಿರಲಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವನಿಗೆ ಜಾಗ ಬಿಡುವಾಗಿನ ಮರ್ಯಾದೆಯಿತ್ತು. ಹನುಮಂತರಾಯನಿಗೆ ನಾಚಿಕೆಯಾಯಿತು. ನಾಚಿಕೆಯ ನಡುವೆಯೂ ಗಡಿಯಾರ ನೋಡಿದ. ಹೋಗಲಿಲ್ಲ.

“ಹಂಗಾದ್ರೆ ಇದನ್ನ ಹಿಡ್ಕಂಡಿರು. ಮಂದ್ಯಾಗೆ ಇನ್ನೊಂದು ಈದ ಕುರಿ ಐತೆ, ಇದಕ್ಕೆ ಹಾಲು ಕುಡ್ಸಾಕೆ ತರ್ತೀನಿ.”

ದೊಡ್ಡೀರಪ್ಪ ಹೊರಗೆ ಹೋಗಿ, ರೊಪ್ಪದಲ್ಲಿ ಯಾವ ಜೀವ ಉಳಿದಿದ್ದರೂ ಮಾಡುವಂತೆ, ಬಾಗಿಲಿನ ಮುಳ್ಳಿನ ತಡಿಕೆಯನ್ನು ಎಳೆದು ಕಟ್ಟಿ ಹೊರಟ.

ಕುರಿ ಮತ್ತೆ ಬಂತು. ಮರಿಯನ್ನು ಮೂಸಿತು. ಅವನ ಅಂಗೈ ಮೂಸಿತು, ಮೊಣಕೈ ಮೂಸಿತು, ಕೊರಳ ಬಳಿ ಬಹಳ ಹೊತ್ತು ಮೂಸಿತು. ಅವನು ಸಂದರ್ಶನಕ್ಕೆ ಕೂತವನ ಹಾಗೆ ಉಸಿರು ಹಿಡಿದ. ನನ್ನನ್ನಾದರೂ ಒಪ್ಪಿಕೋ ಎಂದು ಬೇಡಿಕೊಂಡ. ಕುರಿಯನ್ನು ಬೇಡುತ್ತಿದ್ದೇನೆಂದು ನಗುವೂ ಬಂತು. ಕುರಿ ಸೀನಿ, ಮುಳ್ಳಿನ ಬೇಲಿಯ ಕಡೆ ಮುಖ ತಿರುಗಿಸಿ ನಿಂತಿತು.

ಜೇಬಿನಲ್ಲಿ ಫೋನು ಶುರುವಾಯಿತು. ಮರಿ ಕುರುಡು ಮೂತಿಯಿಂದ ಅವನ ಷರ್ಟು, ಗುಂಡಿ, ಪೆನ್ನು ಎಲ್ಲವನ್ನೂ ತಡಕಿ ಕೊನೆಗೆ ಅವನ ಕಿರುಬೆರಳನ್ನು ಹಿಡಿದು ಚೀಪತೊಡಗಿತು. ಬೆರಳಿನಲ್ಲಿ ಏನೂ ಇರಲಿಲ್ಲ. ಮರಿ ಬಿಡಲಿಲ್ಲ.