ಮೂರನೆಯ ಲೈನು ಖಾಲಿಯಿದೆ

ಟಿಕ್ — ಮೊದಲನೆಯದು ಮಾತಿನಲ್ಲಿದೆ, ಗಿರಿಜಾಂಬಾ ತಂತಿಯ ಹಿತ್ತಾಳೆ ತುದಿಯನ್ನು ಬೋರ್ಡಿನ ಪಕ್ಕದ ರಂಧ್ರದ ಅಂಚಿಗೆ ಮುಟ್ಟಿಸುತ್ತಾಳೆ, ಟಿಕ್, ಎರಡನೆಯದೂ, ನರ್ಸಿಂಗ್ ಹೋಮಿನ ಮೂರು ಲೈನುಗಳ ಕೆಳಗೆ ಬಳಿದ ಬಿಳಿ ಗೆರೆಗುಂಟ ಕೈ ತಾನಾಗಿಯೇ ಸರಿಯುತ್ತದೆ, ಮೂರನೆಯದು, ಸದ್ದಿಲ್ಲ, ಟಿಕ್ ಅಂದರೆ ಮಾತಿನಲ್ಲಿದೆ, ಸದ್ದಿಲ್ಲದಿದ್ದರೆ ಖಾಲಿ, ಚುಚ್ಚಿ ಗಂಟೆ ಹೊಡೆ, ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದಾಗ ಸೂಪರ್‌ವೈಸರ್ ಗುರುಮಲ್ಲಪ್ಪನವರು ಕಲಿಸಿದ್ದು ಇಷ್ಟೇ, ಬಿ.ಎಸ್ಸಿ. ಓದಿದೋಳಿಗೆ ಇದೇನ್ ಮಹಾ ಕಣಮ್ಮ — ಕಿವಿಯಲ್ಲಿ ಒಂಟಿಕೊಪ್ಪಲಿನ ದೇವಿರಮ್ಮ, ಅಕ್ಕಾ ಬೇಗ ಕೊಡ್ರಕ್ಕಾ, ಮಗ ಸೀಮೆಎಣ್ಣೆ ಕುಡ್ದ್‌ಬುಟ್ಟವ್ನೆ, ಪಕ್ಕದ್ಮನೆಯೋರು ಉಪ್ಪುನೀರು ಕುಡ್ಸು, ವಾಂತಿಯಾಗ್ಲಿ ಅಂತವ್ರೆ, ಕುಡ್ಸ್‌ಲಾ? — ಇರಿ, ಡಾಕ್ಟರನ್ನೇ ಕೇಳೋಣ, ಗಂಟೆ ಹೋಗ್ತಾ ಇದೆ, ಅಂದಳಲ್ಲ ತಾನು, ಹೋಗುತ್ತಲೇ ಇದೆ, ಯಾರೂ ಎತ್ತುವುದಿಲ್ಲ, ದೇವಿರಮ್ಮನ ಕಡೆ ಲೋಟದಲ್ಲಿ ಚಮಚ ತಾಕುವ ಸದ್ದು, ಪರೀಕ್ಷೆಯ ಬೆಳಿಗ್ಗೆ ಅಮ್ಮ ಹಾಲಿಗೆ ಸಕ್ಕರೆ ಕಲಕುತ್ತಿದ್ದಳು, ಇದೇ ಸದ್ದು, ಎತ್ತಿ, ಯಾರಾದರೂ ಎತ್ತಿ, ಮಟಮಟ ಮಧ್ಯಾಹ್ನ ಅಲ್ಲೇನು ಎಲ್ಲರೂ ಸುಣ್ಣ ಬಳಿಯುತ್ತಿದ್ದಾರಾ — ಸುಣ್ಣ, ಬೆಳಿಗ್ಗೆ ಕಾಫಿಯ ಹೊತ್ತಿಗೆ ಲೈನ್‌ಮನ್ ಸಿದ್ದರಾಜು, ಪ್ಯಾಂಟಿನ ತುಂಬ ಬಿಳಿ ಚುಕ್ಕೆ, ನರ್ಸಿಂಗ್ ಹೋಮಲ್ಲಿ ಸುಣ್ಣ ಬಳೀತವ್ರೆ ಕಣಮ್ಮ, ನಂಗೂ ಒಂದ್ ಕೈ ಬಳುದ್ರು, ಮೂರ್ನೇ ಫೋನ್ ಬಿಚ್ಚಿಟ್‌ಬುಟ್ಟು ಬಂದೆ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಈ ರಂಧ್ರಕ್ಕೆ ಮರದ ಬೆಣೆ ಹೊಡೆದು ಮುಚ್ಚಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ — ಖಾಲಿ ಲೈನು ಟಿಕ್ ಅನ್ನುವುದಿಲ್ಲ, ಸತ್ತ ಲೈನೂ ಅನ್ನುವುದಿಲ್ಲ, ಮುಟ್ಟಿ ನೋಡುವ ಕೈಗೆ ಎರಡೂ ಒಂದೇ, ಇಷ್ಟು ಹೊತ್ತೂ ಯಾವ ಗೋಡೆಗೆ ಗಂಟೆ ಹೊಡೆಯುತ್ತಿದ್ದಾಳೆ ಇವಳು.

ಬೇರೆ ತಂತಿ ಎಳೆದು ಮೊದಲನೆಯದಕ್ಕೇ ಚುಚ್ಚುತ್ತಾಳೆ, ಮಾತಿನ ನಡುವೆ ನುಗ್ಗಬಾರದು, ನುಗ್ಗಿದರೆ ಕೆಲಸ ಹೋಗುತ್ತದೆ, ಹೋಗಲಿ — ಡಾಕ್ಟರಮ್ಮನ ದನಿ, ಯಾರೋ ದರ್ಜಿಗೆ, ತೋಳು ಇನ್ನೊಂಚೂರು ಉದ್ದ ಇರ್ಲಿ ಕಣ್ರೀ, ಹೋದ್ಸಲದ ರವಿಕೆ ಕೈ ಎತ್ತೋಕೇ ಬಿಡಲ್ಲ, ಯಾರ್ರೀ ಅದು ಲೈನಲ್ಲಿ? — ಡಾಕ್ಟರಮ್ಮಾ, ಎಕ್ಸ್‌ಚೇಂಜಿಂದ, ಮಗು ಸೀಮೆಎಣ್ಣೆ ಕುಡಿದಿದೆ, ಉಪ್ಪುನೀರು ಕೊಡಬಹುದಾ — ಆ ದನಿ ಥಟ್ಟನೆ ಬೇರೆಯಾಗುತ್ತದೆ, ಬೇಡ, ವಾಂತಿ ಮಾಡಿಸ್ಲೇಬಾರ್ದು, ಶ್ವಾಸಕೋಶಕ್ಕೆ ಇಳಿದ್ರೆ ಉಳಿಯಲ್ಲ, ಹಾಗೇ ಕರ್ಕೊಂಡ್ ಬರ್ಲಿ — ಬೋರ್ಡಿನ ಕೀಲಿ ಹಿಂದಕ್ಕೆ, ಮತ್ತೆ ಒಂಟಿಕೊಪ್ಪಲಿನ ಲೈನಿಗೆ, ದೇವಿರಮ್ಮಾ, ದೇವಿರಮ್ಮನೋರೇ, ರಿಸೀವರನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದಾಳೆ, ದೂರದಲ್ಲಿ ಯಾರೋ ಹೆಂಗಸು, ಇನ್ನೊಂದ್ ಚಿಟ್ಕೆ ಉಪ್ಪಾಕು, ತಲೆ ಎತ್ತಿ ಇಡ್ಕೊ ಅವನ್ನ, ಕುಡಿಸಬೇಡೀ, ಗಿರಿಜಾಂಬಾ ಕೂಗುತ್ತಾಳೆ, ಸಾಲಿನ ಹುಡುಗಿಯರೆಲ್ಲ ತಿರುಗುತ್ತಾರೆ, ಗುರುಮಲ್ಲಪ್ಪನವರು ಕುರ್ಚಿಯಿಂದ ಏಳುತ್ತಾರೆ, ಕುಡಿಸಬೇಡಿ, ಒಂಟಿಕೊಪ್ಪಲಿನ ಯಾವುದೋ ಮೇಜಿನ ಮೇಲೆ ಅವಳ ಕೂಗು ಇರುವೆಯಷ್ಟಾಗಿ ಬಿದ್ದಿದೆ, ಲೋಟದಲ್ಲಿ ಚಮಚ ತಿರುಗುತ್ತಿದೆ, ಕುಡಿಸಬೇಡಿ, ಲೋಟದಲ್ಲಿ ಚಮಚ ತಿರುಗುತ್ತಿದೆ, ಲೋಟದಲ್ಲಿ ಚಮಚ — ನಿಂತಿತು